ರೋಗಕ್ಕಿಂತ ಮೊದಲು ಮನೆ ಬದಲಾಗಲಿ

ಮದ್ರಸದಲ್ಲಿ ಕಲಿತ ಪ್ರತಿಯೊಂದು ಮಗುವಿಗೂ ರೋಗಿಯ ನಮಾಝ್‌ನ ಪಾಠ ಗೊತ್ತಿದೆ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ತಾನು ಹೇಗೆ ನಮಾಝ್ ನಿರ್ವಹಿಸಬೇಕೆಂದು ಪ್ರವಾದಿವರ್ಯರೊಡನೆ(ಸ) ವಿಚಾರಿಸಿದ ಘಟನೆ ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ನಿಲ್ಲಲು ಸಾಧ್ಯವಿರುವವರೆಗೆ ನಿಂತು, ಅದು ಅಸಾಧ್ಯವಾದಾಗ ಕುಳಿತು, ಅದೂ ಆಗದ ಸ್ಥಿತಿಯಲ್ಲಿ ಮಗ್ಗುಲಾಗಿ ಮಲಗಿ ನಮಾಝ್ ನಿರ್ವಹಿಸುವ ಅನುಮತಿಯನ್ನು ಪ್ರವಾದಿವರ್ಯರು(ಸ) ಅವರಿಗೆ ನೀಡಿದರು.

ಈ ಪಾಠವನ್ನು ಸಾಮಾನ್ಯವಾಗಿ ರೋಗಿಗೆ ದೊರೆತ ರಿಯಾಯಿತಿ ಎಂದಷ್ಟೇ ವಿವರಿಸಲಾಗುತ್ತದೆ. ಆದರೆ ಅದರೊಳಗೆ ಇನ್ನೂ ಆಳವಾದ ಒಂದು ತತ್ವವಿದೆ. ಮನುಷ್ಯನ ದೇಹ ಬದಲಾದಾಗ ಶರೀಅತ್ ಆ ದೇಹವನ್ನು ದೂಷಿಸುವುದಿಲ್ಲ. ಬದಲಾಗಿ, ತನ್ನ ವಿಧಾನವನ್ನೇ ಆ ದೇಹಕ್ಕೆ ಹೊಂದಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಮುಂದಿನ ಹಂತಕ್ಕೆ ಬೇಕಾದ ದಾರಿಯನ್ನು ಹಿಂದಿನ ಹಂತದಲ್ಲಿಯೇ ತೋರಿಸಿಕೊಡುತ್ತದೆ. ಗಟ್ಟಿಮುಟ್ಟಾಗಿ ನಿಂತಿರುವವನಿಗೂ ಮಲಗಿ ನಮಾಝ್ ಮಾಡುವ ಕ್ರಮ ಮೊದಲೇ ತಿಳಿದಿರುತ್ತದೆ. ಅಲ್ಲಾಹನ ಮುಂದೆ ನಿಲ್ಲುವ ಕರ್ತವ್ಯದಲ್ಲಿಯೇ ಇಷ್ಟೊಂದು ಮುಂದಾಲೋಚನೆ ಇರುವಾಗ, ನಾವು ಕಟ್ಟುವ ಮನೆಗಳಲ್ಲಿ ಅದರ ಒಂದಂಶವಾದರೂ ಇದೆಯೇ ಎಂಬ ಪ್ರಶ್ನೆಯನ್ನು ಸಮುದಾಯ ಕೇಳಿಕೊಳ್ಳಬೇಕಾಗಿದೆ.

ನಮ್ಮ ಪಟ್ಟಣಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಒಮ್ಮೆ ಸುತ್ತಾಡಿ ನೋಡಿ. ಗಲ್ಫ್‌ನ ಬಿಸಿಲಲ್ಲಿ ಬೆವರು ಸುರಿಸಿ ಗಳಿಸಿದ ಹಣದಿಂದ ಎದ್ದು ನಿಂತ ಮನೆಗಳಿವೆ. ಅಂಗಳದಿಂದ ನಾಲ್ಕೈದು ಮೆಟ್ಟಿಲು ಎತ್ತರದ ಸಿಟೌಟ್, ನುಣುಪಾದ ಗ್ರಾನೈಟ್, ಕೆತ್ತನೆಯ ಮುಂಬಾಗಿಲು, ದಪ್ಪ ಹೊಸ್ತಿಲು. ಕೆಳಗಿನ ಅಂತಸ್ತಿನ ಅತ್ಯುತ್ತಮ ಕೋಣೆ ಅತಿಥಿಗಳಿಗೆ ಮೀಸಲು. ಮಕ್ಕಳ ಕೋಣೆಗಳು ಮಹಡಿಯ ಮೇಲೆ. ಬಾತ್‌ರೂಮಿನ ಬಾಗಿಲು ಒಬ್ಬ ವ್ಯಕ್ತಿ ನುಸುಳುವಷ್ಟು ಮಾತ್ರ ಅಗಲ. ವರ್ಷಕ್ಕೆ ನಾಲ್ಕು ಬಾರಿ ಬರುವ ಅತಿಥಿಯ ಸೌಕರ್ಯವನ್ನು ಯೋಚಿಸಿ ಕಟ್ಟಿದ ಮನೆಯಲ್ಲಿ, ಇಡೀ ಬದುಕನ್ನು ಅಲ್ಲಿಯೇ ಕಳೆಯಬೇಕಾದ ಮಗನೊಬ್ಬ ನಡೆಯುವ ಶಕ್ತಿಯನ್ನು ಕಳೆದುಕೊಂಡರೆ ಏನಾಗುತ್ತದೆ ಎಂದು ಯೋಚಿಸಿದವರು ಎಷ್ಟು ಮಂದಿ?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. ಸ್ನಾಯುಗಳು ಕ್ರಮೇಣ ಸವೆದು ಹೋಗುವ ಕಾಯಿಲೆಗಳು ಹಲವಾರಿವೆ. ಮಕ್ಕಳಲ್ಲಿ ಕಾಣಿಸುವ ಇಂತಹ ಕಾಯಿಲೆಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು ಡುಶೆನ್ ಸ್ನಾಯುಕ್ಷಯ. ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಡುಶೆನ್‌ನ ಹೆಸರೇ ಇದಕ್ಕೆ ಬಂದಿದೆ. ಸ್ನಾಯುಗಳನ್ನು ರಕ್ಷಿಸುವ ಡಿಸ್ಟ್ರೋಫಿನ್ ಎಂಬ ಪ್ರೊಟೀನ್ ದೇಹದಲ್ಲಿ ಉತ್ಪತ್ತಿಯಾಗದಿರುವುದೇ ಕಾರಣವೆಂದು 1987ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಮೂರರಿಂದ ಐದು ವರ್ಷದ ಹುಡುಗ ಪದೇ ಪದೇ ಬೀಳತೊಡಗುತ್ತಾನೆ, ಬೆರಳ ತುದಿಯಲ್ಲಿ ನಡೆಯುತ್ತಾನೆ, ನೆಲದಿಂದ ಏಳುವಾಗ ತನ್ನ ತೊಡೆಗಳಿಗೇ ಕೈಯೂರಿ ಮೇಲೇರುತ್ತಾನೆ. ಸುಮಾರು ಹತ್ತರಿಂದ ಹನ್ನೆರಡರ ವಯಸ್ಸಿಗೆ ಹೆಚ್ಚಿನವರ ನಡಿಗೆ ನಿಲ್ಲುತ್ತದೆ. ಸ್ಟೀರಾಯ್ಡ್ ಔಷಧಿ ಇದನ್ನು ಕೆಲವು ವರ್ಷಗಳ ಕಾಲ ಮುಂದೂಡಬಹುದು. ಆ ಬಳಿಕ ತೋಳುಗಳು, ಬೆನ್ನು, ಉಸಿರಾಟದ ಸ್ನಾಯುಗಳು ಹಾಗೂ ಹೃದಯ ಒಂದೊಂದಾಗಿ ದುರ್ಬಲವಾಗುತ್ತವೆ.

ಈ ಕಾಯಿಲೆಯಲ್ಲಿ ನಾವು ಗಮನಿಸಬೇಕಾದ ಒಂದು ವಿಶೇಷವಿದೆ. ಅಪಘಾತ ಅಥವಾ ಪಾರ್ಶ್ವವಾಯು ಹೇಳದೆ ಕೇಳದೆ ಬಂದೆರಗುತ್ತದೆ. ಆದರೆ ಸ್ನಾಯುಕ್ಷಯ ತನ್ನ ಮುಂದಿನ ಹೆಜ್ಜೆಯನ್ನು ವರ್ಷಗಳ ಮೊದಲೇ ತಿಳಿಸಿ ಬರುತ್ತದೆ. ಐದರ ಹರೆಯದಲ್ಲಿ ರೋಗ ಪತ್ತೆಯಾದರೆ, ಹತ್ತರ ಹರೆಯದಲ್ಲಿ ಏನು ಬೇಕಾಗಬಹುದೆಂಬುದು ವೈದ್ಯರಿಗೆ ಗೊತ್ತಿರುತ್ತದೆ. ಹೀಗಿದ್ದೂ ನಮ್ಮ ಕುಟುಂಬಗಳು ಮನೆಯನ್ನು ಬದಲಿಸುವುದು ಮಗು ಬಿದ್ದು ಕಾಲು ಮುರಿದುಕೊಂಡ ಮೇಲೆ. ಈ ಮಕ್ಕಳಲ್ಲಿ ಒಂದು ಮೂಳೆ ಮುರಿತವೇ ನಡಿಗೆಯ ಕೊನೆಯಾಗಬಹುದು. ವಾರಗಟ್ಟಲೆ ಮಲಗಿದ ಸ್ನಾಯು ಮತ್ತೆ ಮೊದಲಿನಂತಾಗುವುದಿಲ್ಲ. ಇನ್ನೂ ಒಂದೆರಡು ವರ್ಷ ನಡೆಯಬಹುದಾಗಿದ್ದ ಹುಡುಗನ ಕಾಲನ್ನು ರೋಗಕ್ಕಿಂತ ಮೊದಲು ಕಸಿದುಕೊಂಡದ್ದು ಬಾತ್‌ರೂಮಿನ ನುಣುಪು ಟೈಲ್ಸ್ ಎಂದಾದರೆ, ಅದನ್ನು ವಿಧಿಯೆಂದು ಹೇಳಿ ಕೈತೊಳೆದುಕೊಳ್ಳಲು ನಮಗೆ ಹಕ್ಕಿದೆಯೇ? ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳು ನಾವು. ತವಕ್ಕುಲ್ ಎಂಬುದು ಹಗ್ಗ ಕಟ್ಟುವ ಕೆಲಸದ ನಂತರದ ಮಾತು.

ಹಾಗಾದರೆ ಮನೆಯಲ್ಲಿ ಏನು ಬದಲಾಗಬೇಕು? ನಿಂತು, ಕುಳಿತು, ಮಲಗಿ ಎಂಬ ಆ ಮೂರು ಹಂತಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲನೆಯದು ಹುಡುಗ ನಡೆಯುತ್ತಿರುವ ಹಂತ. ಇಲ್ಲಿನ ಶತ್ರು ನೆಲ. ಹೊಳೆಯುವ ಮಾರ್ಬಲ್, ಒದ್ದೆ ಟೈಲ್ಸ್, ಮಡಚಿಕೊಂಡ ಕಾರ್ಪೆಟ್, ಕೋಣೆಯಿಂದ ಕೋಣೆಗೆ ಒಂದಿಂಚು ಏರುವ ಹೊಸ್ತಿಲು ಇವೆಲ್ಲವೂ ಅವನನ್ನು ಬೀಳಿಸುತ್ತವೆ. ಬಾತ್‌ರೂಮಿಗೆ ಒರಟು ಮೇಲ್ಮೈಯ ಟೈಲ್ಸ್, ಗೋಡೆಗೆ ಗಟ್ಟಿಯಾದ ಹಿಡಿಕಂಬಿ, ಮೆಟ್ಟಿಲುಗಳ ಎರಡೂ ಬದಿಗೆ ಕೈಹಿಡಿ ಬೇಕು. ಮಳೆಗಾಲದಲ್ಲಿ ಕರಾವಳಿಯ ಅಂಗಳಗಳಲ್ಲಿ ಪಾಚಿ ಕಟ್ಟುವುದನ್ನು ನಾವು ಬಲ್ಲೆವು. ಅದನ್ನು ಉಜ್ಜಿ ತೆಗೆಯುವುದೂ ಈ ಮಗುವಿನ ಚಿಕಿತ್ಸೆಯ ಒಂದು ಭಾಗವೇ. ದಾರಿಯಲ್ಲಿರುವ ತೊಂದರೆಯನ್ನು ನಿವಾರಿಸುವುದನ್ನು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ದಾರಿ ಮನೆಯೊಳಗಿನದ್ದೂ ಆಗಿರಬಹುದು.

ನಮ್ಮ ಸಂಸ್ಕೃತಿ ನೆಲದ ಸಂಸ್ಕೃತಿ. ಸುಪ್ರ ಹಾಸಿ ಊಟ, ಚಾಪೆಯ ಮೇಲೆ ಕುಳಿತು ಕುರ್‌ಆನ್ ಪಾರಾಯಣ, ಕುಕ್ಕರುಗಾಲಿನ ಪಾಯಿಖಾನೆ. ನೆಲದಿಂದ ಏಳಲಾಗದ ಮಗುವಿಗೆ ಇವೆಲ್ಲವೂ ದಿನದಿನದ ಸೋಲು. ಅವನಿಗೊಂದು ಗಟ್ಟಿ ಕುರ್ಚಿ, ಎತ್ತರದ ಮಂಚ, ಕಮೋಡ್ ಇವುಗಳನ್ನು ಒದಗಿಸುವುದಷ್ಟೇ ಅಲ್ಲ, ಸಾಧ್ಯವಾದಾಗಲೆಲ್ಲ ಇಡೀ ಕುಟುಂಬವೇ ಮೇಜಿನ ಬಳಿ ಊಟಕ್ಕೆ ಕುಳಿತರೆ ಆ ಮಗು ತಾನೊಬ್ಬನೇ ಬೇರೆ ಎಂದು ಭಾವಿಸಲಾರದು. ಇದಕ್ಕೆ ಹಣವೇನೂ ಬೇಕಿಲ್ಲ.

ಎರಡನೆಯದು ವೀಲ್‌ಚೇರಿನ ಹಂತ. ಇಲ್ಲಿ ಮನೆಯ ಅಳತೆಗಳು ಮಾತನಾಡತೊಡಗುತ್ತವೆ. ಕೇಂದ್ರ ಸರಕಾರವು 2021ರಲ್ಲಿ ಪ್ರಕಟಿಸಿದ ಸಾರ್ವತ್ರಿಕ ಪ್ರವೇಶ ಸೌಲಭ್ಯದ ಮಾರ್ಗಸೂಚಿಗಳಲ್ಲಿ ಈ ಅಳತೆಗಳೆಲ್ಲ ಇವೆ. ಬಾಗಿಲಿಗೆ 900 ಮಿಲಿಮೀಟರ್, ಅಂದರೆ ಸರಿಸುಮಾರು ಮೂರು ಅಡಿ ತೆರವು ಬೇಕು. ವೀಲ್‌ಚೇರ್ ಪೂರ್ತಿ ತಿರುಗಲು 1,500 ಮಿಲಿಮೀಟರ್, ಅಂದರೆ ಐದು ಅಡಿ ಜಾಗ ಬೇಕು. ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು. ಈ ಲೆಕ್ಕದಲ್ಲಿ ಎರಡು ಅಡಿ ಎತ್ತರದ ಸಿಟೌಟ್‌ಗೆ 24 ಅಡಿ ಇಳಿಜಾರು ಬೇಕಾಗುತ್ತದೆ. ಮೆಟ್ಟಿಲುಗಳ ಮೇಲೆಯೇ ಸಿಮೆಂಟು ಸುರಿದು ಮಾಡಿದ ಕಡಿದಾದ ಇಳಿಜಾರು ಬೈಕ್ ಹತ್ತಿಸಲಷ್ಟೇ ಯೋಗ್ಯ. ಅದರಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. ಅಂಗಳ ಚಿಕ್ಕದಾದರೆ ಕಾಂಪೌಂಡ್ ಗೋಡೆಯ ಪಕ್ಕದಿಂದ ಸಾಗಿ, ಮಧ್ಯೆ ಒಂದು ಸಮತಟ್ಟು ಜಾಗ ಬಿಟ್ಟು, ತಿರುಗಿ ಬರುವಂತೆ ಇಳಿಜಾರನ್ನು ಕಟ್ಟಬಹುದು. ನಮ್ಮ ಮಳೆಗೆ ಅದರ ಮೇಲೊಂದು ಶೀಟಿನ ಮಾಡು ಕೂಡ ಅಗತ್ಯ.

ಬಾತ್‌ರೂಮಿನ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಅದನ್ನು ಹೊರಕ್ಕೆ ತೆರೆಯುವಂತೆ ಅಥವಾ ಬದಿಗೆ ಸರಿಯುವಂತೆ ಇಂದೇ ಬದಲಿಸಬೇಕು. ಒಳಗೆ ಬಿದ್ದ ಮಗು ಬಾಗಿಲಿಗೇ ಅಡ್ಡವಾದರೆ ಹೊರಗಿನವರು ಬಾಗಿಲು ಒಡೆಯದೆ ಅವನನ್ನು ತಲುಪಲಾರರು. ಸ್ನಾನದ ಜಾಗಕ್ಕೆ ಕಟ್ಟೆಯಿರಬಾರದು. ನೀರು ಮೋರಿಯ ಕಡೆಗೆ ಹರಿಯುವಷ್ಟು ಇಳಿಜಾರು ಸಾಕು. ಆಗ ಗಾಲಿಯಿರುವ ಕಮೋಡ್ ಕುರ್ಚಿಯಲ್ಲಿ ಕೂರಿಸಿ ನೇರವಾಗಿ ಒಳಗೆ ಕೊಂಡೊಯ್ಯಬಹುದು. ವುಝೂಗೆ ಕುಳಿತಲ್ಲಿಂದಲೇ ಕೈಗೆಟಕುವ ನಲ್ಲಿ, ಶೌಚಕ್ಕೆ ಸುಲಭವಾಗಿ ಹಿಡಿಯಬಹುದಾದ ಹ್ಯಾಂಡ್ ಶವರ್, ಕುಳಿತವನ ಎತ್ತರಕ್ಕೆ ಇಳಿಸಿದ ಸ್ವಿಚ್ ಬೋರ್ಡ್ ಇವೆಲ್ಲ ಸಣ್ಣ ಕೆಲಸಗಳು.

ಇಲ್ಲಿ ಲಜ್ಜೆಯ ಪ್ರಶ್ನೆಯೂ ಇದೆ. ಹದಿನಾಲ್ಕು ಹದಿನೈದರ ಹುಡುಗ ಪ್ರಾಯಕ್ಕೆ ಬಂದವನು. ಔರತ್ ಮರೆಸುವುದು ಅವನಿಗೂ ಕಡ್ಡಾಯ. ತಂದೆ ವಿದೇಶದಲ್ಲಿರುವಾಗ ತಾಯಿ ಮತ್ತು ಅಕ್ಕ ಅವನಿಗೆ ಸ್ನಾನ ಮಾಡಿಸಬೇಕಾದ ಸ್ಥಿತಿ ಹಲವು ಮನೆಗಳಲ್ಲಿದೆ. ಆ ಹುಡುಗ ಅದನ್ನು ಬಾಯಿಬಿಟ್ಟು ಹೇಳಲಾರ. ಆದರೆ ನೀರು ಕುಡಿದರೆ ಮೂತ್ರಕ್ಕೆ ಕರೆದೊಯ್ಯಲು ಕರೆಯಬೇಕಾದೀತೆಂದು ನೀರನ್ನೇ ಕಡಿಮೆ ಮಾಡುತ್ತಾನೆ. ಅವನು ತನ್ನಿಂದಾದಷ್ಟು ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲ ಬಾತ್‌ರೂಮನ್ನು ಕಟ್ಟಿಕೊಡುವುದೆಂದರೆ ಅವನ ಹಯಾ ಹಾಗೂ ಅಭಿಮಾನವನ್ನು ಕಾಪಾಡುವುದೆಂದೇ ಅರ್ಥ.

ಮೂರನೆಯದು ಹಾಸಿಗೆಯ ಹಂತ. ಈ ಹಂತದಲ್ಲಿ ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗುತ್ತದೆ, ಮೊದಲು ರಾತ್ರಿಯ ವೇಳೆ, ನಂತರ ಹಗಲಿನಲ್ಲೂ. ಹಾಗಾಗಿ ಆ ಕೋಣೆಗೆ ಭದ್ರವಾದ ವಿದ್ಯುತ್ ಸಂಪರ್ಕ, ಸಾಕಷ್ಟು ಪ್ಲಗ್ ಪಾಯಿಂಟ್ ಮತ್ತು ಗಂಟೆಗಟ್ಟಲೆ ಯಂತ್ರವನ್ನು ನಡೆಸಬಲ್ಲ ಬ್ಯಾಟರಿಯ ಇನ್ವರ್ಟರ್ ಬೇಕು. ಜೂನ್ ಜುಲೈಯ ಗಾಳಿಮಳೆಗೆ ರಾತ್ರಿಯಿಡೀ ಕರೆಂಟ್ ಹೋಗುವ ಊರುಗಳಲ್ಲಿ ಇದು ಪ್ರಾಣದ ಪ್ರಶ್ನೆ. ತಲೆಯ ಭಾಗವನ್ನು ಎತ್ತಬಹುದಾದ ಮಂಚ, ಮೈ ಹುಣ್ಣಾಗದಂತೆ ಗಾಳಿಯ ಹಾಸಿಗೆ, ಬೆರಳಿನ ಅಲ್ಪ ಒತ್ತಡಕ್ಕೂ ಸದ್ದು ಮಾಡುವ ಕರೆಗಂಟೆ, ಕಿಬ್ಲಾದ ಕಡೆಗೆ ಮುಖಮಾಡಿ ಮಲಗಿಸಲು ಸಾಕಾಗುವಷ್ಟು ಸ್ಥಳ, ರಸ್ತೆ ಕಾಣುವ ಕಿಟಕಿ ಇವಿಷ್ಟನ್ನು ಮೊದಲೇ ಯೋಚಿಸಿಡಬೇಕು. ಇದಕ್ಕೆ ಯೋಗ್ಯವಾದ ಕೋಣೆ ಯಾವುದು? ಕೆಳ ಅಂತಸ್ತಿನಲ್ಲಿ, ಬಾತ್‌ರೂಮ್ ಸಹಿತವಾಗಿ, ಗಾಳಿ ಬೆಳಕಿನೊಂದಿಗೆ ಬೀಗ ಹಾಕಿಕೊಂಡಿರುವ ಆ ಅತಿಥಿ ಕೋಣೆ. ಅತಿಥಿ ಸತ್ಕಾರ ಇಸ್ಲಾಮಿನ ಮೌಲ್ಯ, ನಿಜ. ಆದರೆ ಮನೆಯವರ ಹಕ್ಕು ಅದಕ್ಕಿಂತ ಮುಂಚಿನದ್ದು.

ಮೂರೂ ಹಂತಗಳನ್ನು ಒಟ್ಟಾಗಿ ಯೋಜಿಸದಿದ್ದರೆ ಒಂದು ಹಂತದ ವ್ಯವಸ್ಥೆ ಮುಂದಿನ ಹಂತಕ್ಕೆ ಅಡ್ಡಿಯಾಗುತ್ತದೆ. ಇಂದು ನಡೆಯುವ ಮಗುವಿಗೆಂದು ಇಕ್ಕಟ್ಟಿನ ಬಾತ್‌ರೂಮಿನಲ್ಲಿ ಅಳವಡಿಸಿದ ಹಿಡಿಕಂಬಿ ನಾಳೆ ವೀಲ್‌ಚೇರಿಗೆ ತಡೆಯಾಗಬಹುದು. ತೋಳಿನ ಶಕ್ತಿ ಕುಗ್ಗಿದಾಗ ಆ ಕಂಬಿಯನ್ನು ಹಿಡಿದು ಏಳಲೂ ಅವನಿಗೆ ಆಗದು. ಮನೆ ಕಟ್ಟುತ್ತಿರುವವರಾದರೆ ಸ್ಲ್ಯಾಬ್ ಹಾಕುವಾಗಲೇ ಎತ್ತುವ ಯಂತ್ರದ ಭಾರ ತಾಳುವ ಕೊಂಡಿಯನ್ನು ಇಂಜಿನಿಯರ್‌ರ ಸಲಹೆ ಪಡೆದು ಇಡಿಸಬಹುದು. ಆಮೇಲೆ ಒಡೆದು ಇಡುವುದಕ್ಕೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ. ಇಂತಹ ಅಳವಡಿಕೆಗಳ ಬಗ್ಗೆ ಹೇಳಿಕೊಡುವುದೇ ಆಕ್ಯುಪೇಶನಲ್ ಥೆರಪಿಸ್ಟ್‌ಗಳ ವೃತ್ತಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ಅಥವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಮಗುವನ್ನು ತೋರಿಸಲು ಹೋದಾಗ ಔಷಧಿ ಚೀಟಿಯೊಂದಿಗೆ ಮರಳಿಬಿಡದೆ, ಮನೆಯ ಫೋಟೋ ಮತ್ತು ಅಳತೆಗಳನ್ನು ಅವರ ಮುಂದಿಟ್ಟು ಕೇಳಬೇಕು.

ಬದಲಾಗದ ಮನೆಯ ಭಾರವನ್ನು ಹೊರುವವರು ಯಾರು? ಬಹುತೇಕ ಮನೆಗಳಲ್ಲಿ ತಾಯಿ. ಮೆಟ್ಟಿಲು, ಮಂಚ, ಬಾತ್‌ರೂಮ್ ಎಂದು ದಿನಕ್ಕೆ ಹತ್ತಾರು ಬಾರಿ ಬೆಳೆಯುತ್ತಿರುವ ಮಗನನ್ನು ಎತ್ತುವ ತಾಯಿಯ ಬೆನ್ನು ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಸ್ಟೀರಾಯ್ಡ್‌ನಿಂದ ಮಗುವಿನ ತೂಕವೂ ಹೆಚ್ಚುತ್ತದೆ. ಕಂಕುಳಿಗೆ ಕೈಹಾಕಿ ಎತ್ತಿದರೆ ಭುಜದ ಶಕ್ತಿಯಿಲ್ಲದ ಮಗು ಕೈಯಿಂದ ಜಾರಿಬಿಡುತ್ತದೆ. ಜಾರು ಹಲಗೆ, ಎತ್ತುವ ಬಟ್ಟೆಯ ತೊಟ್ಟಿಲು ಮುಂತಾದ ಸರಳ ಸಾಧನಗಳನ್ನು ಕಲಿತರೆ ತಾಯಿ ಮಗ ಇಬ್ಬರೂ ಉಳಿದುಕೊಳ್ಳುತ್ತಾರೆ. ತಾಯಿಯ ಪಾದದಡಿಯ ಸ್ವರ್ಗದ ಬಗ್ಗೆ ಭಾಷಣ ಮಾಡುವ ನಮ್ಮ ವೇದಿಕೆಗಳು ಆಕೆಯ ಬೆನ್ನಿನ ಬಗ್ಗೆಯೂ ಒಮ್ಮೆ ಮಾತನಾಡಲಿ.

ಆ ತಾಯಿ ಹೊರುವ ಇನ್ನೊಂದು ಭಾರ ಆರೋಪದ್ದು. ಡುಶೆನ್ ಕಾಯಿಲೆಯ ದೋಷವಿರುವ ವಂಶವಾಹಿ ತಾಯಿಯ ಮೂಲಕ ಮಗನಿಗೆ ಬರುತ್ತದೆ ಎಂಬುದನ್ನು ಅರೆಬರೆಯಾಗಿ ಕೇಳಿಸಿಕೊಂಡ ಕೆಲವರು ಅದನ್ನು ಸೊಸೆಯ ತಪ್ಪೆಂದು ತೀರ್ಮಾನಿಸಿ, ಮಗನಿಗೆ ಇನ್ನೊಂದು ಸಂಬಂಧ ನೋಡಲು ಹೊರಡುತ್ತಾರೆ. ಸುಮಾರು ಮೂರನೇ ಒಂದು ಭಾಗ ಪ್ರಕರಣಗಳಲ್ಲಿ ತಾಯಿಯಲ್ಲಿಯೂ ಆ ದೋಷವಿರುವುದಿಲ್ಲ, ಅದು ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ. ಇದ್ದರೂ ಅದು ಯಾರೊಬ್ಬರ ಆಯ್ಕೆಯಲ್ಲ, ಯಾರ ಪಾಪದ ಫಲವೂ ಅಲ್ಲ. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ರೋಗಿಯನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಡುವ ರೂಢಿಯೂ ಇಲ್ಲಿಂದಲೇ ಹುಟ್ಟುತ್ತದೆ. ಅಂಗಳದಲ್ಲೊಂದು ಇಳಿಜಾರು ಕಟ್ಟಿದರೆ ಊರಿಗೆಲ್ಲ ತಿಳಿದುಬಿಡುತ್ತದೆ ಎಂಬ ಭಯದಿಂದ ಅದನ್ನು ಕಟ್ಟದವರಿದ್ದಾರೆ. ಬಚ್ಚಿಟ್ಟರೆ ರೋಗ ಹೋಗುವುದಿಲ್ಲ. ಸಹೋದರಿಯರು ಆ ವಂಶವಾಹಿಯನ್ನು ಹೊತ್ತಿರಬಹುದಾದ್ದರಿಂದ ಮದುವೆಗೆ ಮುನ್ನ ಪರೀಕ್ಷೆ ಮಾಡಿಸಿ ವಂಶವಾಹಿ ತಜ್ಞರ ಸಲಹೆ ಪಡೆಯುವುದೇ ಅವರಿಗೆ ಸಲ್ಲಿಸುವ ನ್ಯಾಯ. ಇನ್ನು ಕೆಲವು ಬಗೆಯ ಸ್ನಾಯುರೋಗಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬರಬೇಕಾಗುತ್ತದೆ. ಸೋದರ ಸಂಬಂಧದ ಮದುವೆಗಳು ಅಂತಹ ಅಪಾಯವನ್ನು ಹೆಚ್ಚಿಸುತ್ತವೆ. ಅನುಮತಿಸಲ್ಪಟ್ಟದ್ದೆಲ್ಲವೂ ಎಲ್ಲ ಕುಟುಂಬಕ್ಕೂ ಹಿತವಾಗಬೇಕೆಂದಿಲ್ಲ.

ಇಷ್ಟು ದಿನ ಬದುಕುವವನಿಗೆ ಇಷ್ಟೆಲ್ಲ ಖರ್ಚು ಯಾಕೆ ಎಂಬ ಮಾತು ಮನೆಯೊಳಗೆ ಪಿಸುಗುಡುವುದುಂಟು. ಮೊದಲನೆಯದಾಗಿ, ಆ ಮಾತು ಇಂದಿನ ವೈದ್ಯಕೀಯಕ್ಕೆ ಹೊಂದುವುದಿಲ್ಲ. ಹಿಂದೆ ಹದಿಹರೆಯದ ಕೊನೆಗೇ ಮುಗಿಯುತ್ತಿದ್ದ ಬದುಕು, ಉಸಿರಾಟದ ನೆರವು ಮತ್ತು ಹೃದಯದ ಚಿಕಿತ್ಸೆ ದೊರೆತಲ್ಲಿ ಮೂವತ್ತರ ಆಸುಪಾಸಿಗೆ ಹಾಗೂ ಅದರಾಚೆಗೂ ಸಾಗುತ್ತಿದೆ. ಐದನೇ ವರ್ಷದಲ್ಲಿ ಬದಲಿಸಿದ ಮನೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಉಪಯೋಗಕ್ಕೆ ಬರಬಹುದು. ಆ ಇಪ್ಪತ್ತು ವರ್ಷಗಳಲ್ಲಿ ಅವನು ಎಸೆಸೆಲ್ಸಿ ಮುಗಿಸಬಹುದು, ಪದವಿ ಪಡೆಯಬಹುದು, ಕಂಪ್ಯೂಟರ್ ಮುಂದೆ ಕುಳಿತು ದುಡಿಯಬಹುದು, ಹಾಫಿಝ್ ಆಗಬಹುದು. ಈ ಕಾಯಿಲೆ ಕೈಕಾಲುಗಳಿಂದ ಕಸಿದುಕೊಂಡಷ್ಟನ್ನು ಬುದ್ಧಿಯಿಂದ ಕಸಿಯುವುದಿಲ್ಲ. ಎರಡನೆಯದಾಗಿ, ಅವನು ಎರಡೇ ವರ್ಷ ಬದುಕುವವನಾದರೂ ಆ ಎರಡು ವರ್ಷಗಳ ಘನತೆ ಅವನ ಹಕ್ಕು. ಆಯುಷ್ಯದ ಲೆಕ್ಕ ಹಾಕುವ ಅಧಿಕಾರವನ್ನು ಅಲ್ಲಾಹನು ನಮಗೆ ಕೊಟ್ಟಿಲ್ಲ.

ಖರ್ಚಿನ ಮಾತಿಗೆ ಬಂದರೆ ನಮ್ಮ ಸಮುದಾಯದ ಔದಾರ್ಯದ ಬಗ್ಗೆ ಸಂಶಯವಿಲ್ಲ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಇನ್ನೊಂದು ಸ್ನಾಯುರೋಗದಿಂದ ಬಳಲುತ್ತಿದ್ದ ಮಗುವಿನ ಒಂದೇ ಡೋಸ್ ಔಷಧಿಗಾಗಿ 2021ರಲ್ಲಿ ಕೇರಳದ ಜನತೆ ಜಾತಿ ಮತ ನೋಡದೆ ಕೆಲವೇ ದಿನಗಳಲ್ಲಿ 18 ಕೋಟಿ ರೂಪಾಯಿಗಳನ್ನೂ ಮೀರಿ ಸಂಗ್ರಹಿಸಿದ್ದನ್ನು ದೇಶವೇ ನೋಡಿತು. ಆ ಕರುಣೆ ಶ್ಲಾಘನೀಯ. ಆದರೆ ಹೆಚ್ಚಿನ ರೋಗಿಗಳಿಗೆ ಹಾಗೆ ಗುಣಪಡಿಸುವ ಔಷಧಿಯೇ ಇಲ್ಲ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ನಿಗದಿತ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿಗೆ ಅವಕಾಶವಿದ್ದರೂ, ಜೀವನಪರ್ಯಂತ ನಡೆಯಬೇಕಾದ ದುಬಾರಿ ಚಿಕಿತ್ಸೆಗೆ ಅದು ಸಾಲದು. ಔಷಧಿಯಿಲ್ಲದವನಿಗೆ ಮನೆಯೇ ಔಷಧಿ. ಕೋಟಿಗಳನ್ನು ಸಂಗ್ರಹಿಸಬಲ್ಲ ಸಮುದಾಯಕ್ಕೆ ಜಮಾಅತ್‌ನ ಒಂದು ಮನೆಯ ಬಾಗಿಲನ್ನು ಆರಿಂಚು ಅಗಲಿಸುವುದು ಕಷ್ಟವಾಗಬಾರದು. ಒಂದು ಮದುವೆಯ ವೇದಿಕೆಯ ಹೂವಿನ ಅಲಂಕಾರಕ್ಕೆ ಸುರಿಯುವ ಹಣವನ್ನು ಲೆಕ್ಕ ಹಾಕಿದವರಿಗೆ ಉಳಿದದ್ದನ್ನು ನಾವು ವಿವರಿಸಬೇಕಾಗಿಲ್ಲ.

ಬಡ ಕುಟುಂಬವಾದರೆ ಝಕಾತ್‌ನ ಸಂಗ್ರಹದಿಂದ ನೆರವಾಗಲು ಸ್ಥಳೀಯ ಉಲಮಾಗಳ ಮಾರ್ಗದರ್ಶನ ಪಡೆಯಬಹುದು. ಝಕಾತ್ ಪಡೆಯಲು ಅರ್ಹರಲ್ಲದ, ಆದರೆ ಕೈಯಲ್ಲಿ ಹಣವೂ ಇಲ್ಲದ ಮಧ್ಯಮ ವರ್ಗಕ್ಕೆ ಬಡ್ಡಿರಹಿತ ಸಾಲ ಸೂಕ್ತ. ವಕ್ಫ್ ತಿದ್ದುಪಡಿ ಕಾಯಿದೆಯ ವಿರುದ್ಧ 2025ರಲ್ಲಿ ಸಮುದಾಯ ಬೀದಿಗಿಳಿಯಿತು. ಆ ಪ್ರತಿಭಟನೆ ನ್ಯಾಯಯುತವಾದದ್ದು. ಆದರೆ ವಕ್ಫ್‌ನ ಜಮೀನನ್ನು ಉಳಿಸುವ ಹೋರಾಟದಷ್ಟೇ ಅದರ ಉದ್ದೇಶವನ್ನು ಉಳಿಸುವ ಹೋರಾಟವೂ ಮುಖ್ಯ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೃಹತ್ ಆಸ್ಪತ್ರೆ ವಕ್ಫ್‌ನ ಆದಾಯದಿಂದಲೇ ನಡೆಯುತ್ತಿತ್ತು. ಉಮವಿ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ ನಡೆಯಲಾಗದವರಿಗೆ ಸೇವಕರನ್ನೂ ಅಂಧರಿಗೆ ದಾರಿ ತೋರುವವರನ್ನೂ ನೇಮಿಸಿದ್ದನೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಇಂತಹ ಪರಂಪರೆಯ ವಾರಸುದಾರರ ವಕ್ಫ್ ಅಂಗಡಿಗಳ ಬಾಡಿಗೆಯಿಂದ ಪ್ರತಿ ಊರಿಗೆ ಎರಡು ವೀಲ್‌ಚೇರ್, ಒಂದು ಆಸ್ಪತ್ರೆ ಮಂಚ ಖರೀದಿಸಿಡಲು ಸಾಧ್ಯವಿಲ್ಲವೇ?

ಮನೆಯನ್ನು ಸರಿಪಡಿಸಿದ ಮೇಲೆ ಆ ಹುಡುಗ ಹೋಗಬೇಕಾದ ಮೊದಲ ಸ್ಥಳ ಮಸೀದಿ. ಅಲ್ಲಿ ಏಳು ಮೆಟ್ಟಿಲು. ಮದ್ರಸದ ತರಗತಿ ಮಹಡಿಯಲ್ಲಿ. ಸುಮ್ಮನೆ ತರಗತಿಯನ್ನು ಕೆಳಗೆ ತರುವ ನಿರ್ಧಾರಕ್ಕೆ ಆಡಳಿತ ಸಮಿತಿಯ ಒಂದು ಸಭೆ ಸಾಕು. ವೀಲ್‌ಚೇರಿನ ಗಾಲಿಯಿಂದ ಜಮಖಾನೆ ಕೊಳೆಯಾಗುತ್ತದೆ ಎಂಬ ಆಕ್ಷೇಪಕ್ಕೂ ಪರಿಹಾರ ಸರಳ. ಬಾಗಿಲಲ್ಲಿ ಗಾಲಿ ಒರೆಸುವ ಬಟ್ಟೆ, ಅಥವಾ ಒಳಗಿನ ಬಳಕೆಗೆಂದೇ ಒಂದು ಶುಚಿಯಾದ ವೀಲ್‌ಚೇರ್. ಅಂಧರಾಗಿದ್ದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಅವರ ವಿಷಯದಲ್ಲಿ ಪವಿತ್ರ ಕುರ್‌ಆನಿನ ಅಬಸ ಅಧ್ಯಾಯ ಅವತೀರ್ಣವಾಯಿತು. ಅವರು ಪ್ರವಾದಿಯವರ(ಸ) ಮಸೀದಿಯಲ್ಲಿ ಅಝಾನ್ ನೀಡುವವರಾಗಿದ್ದರು. ದುರ್ಬಲನನ್ನು ಮಸೀದಿಯ ಹೊರಗಿಡುವುದು ನಮ್ಮ ಪರಂಪರೆಯಲ್ಲಿಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಆ ಕಾಯಿದೆಯ ಸಾರ್ವಜನಿಕ ಕಟ್ಟಡದ ವ್ಯಾಖ್ಯೆಯಲ್ಲಿ ಧಾರ್ಮಿಕ ಉದ್ದೇಶದ ಕಟ್ಟಡಗಳೂ ಬರುತ್ತವೆ. ಸರಕಾರದ ವಸತಿ ಯೋಜನೆಗಳಲ್ಲಿ ಶೇಕಡಾ 5 ಮೀಸಲಾತಿಯನ್ನು ಅದರ 37ನೇ ಕಲಮು ವಿಧಿಸುತ್ತದೆ. ಆದರೆ ಪ್ರವೇಶ ಸೌಲಭ್ಯದ ನಿಯಮಗಳನ್ನು ಸರಕಾರಗಳು ಕೇವಲ ಸಲಹೆಗಳಂತೆ ಕಂಡವು. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಈ ಧೋರಣೆಯನ್ನು ಒಪ್ಪದೆ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಹೆದ್ದಾರಿಗೂ ಪ್ರತಿಮೆಗೂ ಹರಿಯುವ ಹಣ ಇಳಿಜಾರಿಗೆ ಹರಿಯದಿರುವುದು ಆದ್ಯತೆಯ ಪ್ರಶ್ನೆ. ಮತ ಕೇಳಲು ಬರುವವರ ಮುಂದೆ ಇದನ್ನು ಇಡಬೇಕಾದವರು ನಾವು. ಅದಕ್ಕೂ ಮೊದಲು ಪ್ರತಿ ಕುಟುಂಬ ಮಗುವಿನ ವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡನ್ನು ಮಾಡಿಸಿಕೊಳ್ಳಬೇಕು. ವೀಲ್‌ಚೇರ್ ಮುಂತಾದ ಸಾಧನಗಳನ್ನು ನೀಡುವ ಕೇಂದ್ರದ ಅಡಿಪ್ ಯೋಜನೆಯ ಬಾಗಿಲು ತೆರೆಯುವುದು ಅದರಿಂದಲೇ. ನಾಚಿಕೆಯಿಂದ ಕಾರ್ಡ್ ಮಾಡಿಸದವರು ತಮ್ಮ ಮಗುವಿನ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ.

ನೆರೆಯ ಕೇರಳದಲ್ಲಿ 1993ರಲ್ಲಿ ಕೋಝಿಕೋಡ್ ಮೆಡಿಕಲ್ ಕಾಲೇಜಿನಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಪ್ರಯತ್ನ ಕ್ರಮೇಣ ಜನರ ಚಳವಳಿಯಾಯಿತು. ಮಲಪ್ಪುರಮ್‌ನಂತಹ ಜಿಲ್ಲೆಗಳಲ್ಲಿ ಸಾಮಾನ್ಯ ಯುವಕರು, ಗೃಹಿಣಿಯರು ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಆ ರಾಜ್ಯ ಅದಕ್ಕಾಗಿ ಒಂದು ನೀತಿಯನ್ನೇ ಪ್ರಕಟಿಸಿತು. ನಮ್ಮ ಜಮಾಅತ್‌ಗಳಲ್ಲಿ ಇಂಜಿನಿಯರ್‌ಗಳಿದ್ದಾರೆ, ಮೇಸ್ತ್ರಿಗಳಿದ್ದಾರೆ, ವೆಲ್ಡಿಂಗ್ ಮತ್ತು ಟೈಲ್ಸ್ ಕೆಲಸದವರಿದ್ದಾರೆ, ನರ್ಸ್‌ಗಳಿದ್ದಾರೆ. ಇವರಲ್ಲಿ ಐವರು ಸೇರಿದರೆ ಒಂದು ತಂಡವಾಯಿತು. ತಿಂಗಳಿಗೊಂದು ಮನೆ ಎಂದು ಹೊರಟರೂ ಒಂದು ವರ್ಷದಲ್ಲಿ ಹನ್ನೆರಡು ಕುಟುಂಬಗಳು ನಿಟ್ಟುಸಿರು ಬಿಡುತ್ತವೆ.

ಈ ವಾರ ಜುಮಾದ ನಂತರ ಪ್ರತಿ ಮಸೀದಿಯ ಸಮಿತಿ ಒಂದು ಪಟ್ಟಿ ತಯಾರಿಸಲಿ. ನಮ್ಮ ಮೊಹಲ್ಲಾದಲ್ಲಿ ಮನೆಯಿಂದ ಹೊರಬರಲಾಗದವರು ಎಷ್ಟು ಮಂದಿ, ಅವರನ್ನು ತಡೆದಿರುವ ಮೆಟ್ಟಿಲು ಎಷ್ಟು, ಹೊಸ್ತಿಲು ಎಷ್ಟು? ಕೆಲವು ಹೆಸರುಗಳನ್ನು ಕೇಳಿ ನಾವೇ ಆಶ್ಚರ್ಯಪಡಬಹುದು, ಅಂತಹವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆಂದು ಗೊತ್ತೇ ಇರಲಿಲ್ಲವೆಂದು. ಹಾಗೆ ಗೊತ್ತಿಲ್ಲದೆ ಉಳಿದವರನ್ನು ಹುಡುಕಿ ಅವರ ಬಾಗಿಲು ತಟ್ಟುವುದರಿಂದಲೇ ಈ ಕೆಲಸ ಆರಂಭವಾಗಬೇಕು.